ಬೀರುವಿನೊಳಗಿನ ಗೊರಕೆಯನ್ನು ಅಳಿಸಿದವರಿಗೆ

ಮನೆಮನೆಯ ಟೀವಿಗೂ ಸಿನಿಮಾ ಹರಿಸುವ ಸಂಸ್ಥೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ತಮ್ಮ ಸೇವೆಗೆ ಹದಿನೈದು ವರ್ಷ ತುಂಬಿದ ಸಂಭ್ರಮದಲ್ಲಿ ತಾವು ಚಂದಾದಾರರೆಲ್ಲರಿಗೂ ಕಳುಹಿಸಿದ ಪತ್ರ ನಮ್ಮ ಮನೆಗೂ ತಲುಪಿತು. 'ನಿಮ್ಮಿಂದಲೇ ನಾವು ಬೆಳೆದೆವು' ಎಂದು ಬರೆದಿದ್ದೀರಿ. ಸಂತೋಷ. ಅದೇ ವಾರ ತಾವು ತಮ್ಮ ಸಂಗ್ರಹದ ಮೊದಲ ನೂರ ಹನ್ನೆರಡು ಸಿನಿಮಾಗಳಿಗೆ ಮನುಷ್ಯರು ಕೂತು ಬರೆದಿದ್ದ ಅಡಿಬರಹಗಳನ್ನು ಕಿತ್ತುಹಾಕಿ, ಆ ಜಾಗದಲ್ಲಿ ಯಂತ್ರ ಬರೆದ ಅಡಿಬರಹಗಳನ್ನು ಕೂರಿಸಿದಿರಿ. ಈ ಕೆಲಸಕ್ಕೆ 'ಏಕರೂಪತೆ' ಎಂದು ಚಂದದ ಹೆಸರನ್ನೂ ಇಟ್ಟಿರಿ. ಇದರಿಂದಾಗಿ ಕಿವಿ ಕೇಳಿಸದ ನನ್ನ ಅಣ್ಣನಿಗೆ ಟೀವಿಯ ಮುಂದೆ ಈಗ ಉಳಿದಿರುವುದು ಅವನ ಕುರ್ಚಿ ಮಾತ್ರ. ನನ್ನ ದೂರು ಇಷ್ಟೇ. ಇಷ್ಟನ್ನೇ ಬರೆದು ನಿಲ್ಲಿಸಬಹುದಿತ್ತು. ಆದರೆ ತಮ್ಮ ಕಚೇರಿಗೆ ಚಿಕ್ಕ ಪತ್ರಗಳನ್ನು ಮೂರು ಸಲ ಬರೆದು ನೋಡಿದ್ದೇನೆ. ಅದಕ್ಕೇ ಈ ಸಲ ದೊಡ್ಡದು, ಅದೂ ಊರೆಲ್ಲ ಓದುವಂತೆ.

ತಮ್ಮ ಬೆಳವಣಿಗೆಯ ಕಥೆಯನ್ನು ತಮ್ಮ ಪತ್ರದಲ್ಲಿ ಓದಿದೆ. ಅದರಲ್ಲಿ ಟೈರು ಅಂಗಡಿಯ ಪ್ರಸ್ತಾಪವೇ ಇಲ್ಲ. ಮರೆತಿರಬಹುದು, ದೊಡ್ಡವರಾದ ಮೇಲೆ ಮರೆವು ಸಹಜ. ಹಳೆಯ ಟೈರುಗಳಿಗೆ ತೇಪೆ ಹಾಕುವ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ತಮ್ಮ ಸಂಸ್ಥೆ ಶುರುವಾಗಿದ್ದು. ರಬ್ಬರು ಸುಟ್ಟ ವಾಸನೆಗೆ ಕಿಟಕಿ ತೆರೆಯುವಂತಿರಲಿಲ್ಲ, ಮುಚ್ಚಿದರೆ ಕಂಪ್ಯೂಟರುಗಳ ಬಿಸಿಗೆ ಕೂರುವಂತಿರಲಿಲ್ಲ. ಆರು ಜನ, ಐದು ಕುರ್ಚಿ. ನಾನು ಅಲ್ಲಿ ಕೆಲಸಕ್ಕೆ ಸೇರಿದ ನಾಲ್ಕನೆಯವಳು, ಹಾಗಾಗಿ ನನಗೆ ಕುರ್ಚಿ ಸಿಕ್ಕಿತ್ತು. ಆಗ ಮುಖ್ಯಾಧಿಕಾರಿ ಎಂಬ ಹುದ್ದೆಯೇ ಇರಲಿಲ್ಲ. ಬೆಳಿಗ್ಗೆ ಮೊದಲು ಬಂದವರು ಕಸ ಗುಡಿಸಬೇಕು ಎಂಬ ನಿಯಮವೊಂದಿತ್ತು, ತಾವು ದಿನವೂ ಜಾಣತನದಿಂದ ತಡವಾಗಿ ಬರುತ್ತಿದ್ದಿರಿ. ಮುಂದೆ ಬರುವವರ ಲಕ್ಷಣ ಆಗಲೇ ಕಾಣುತ್ತಿತ್ತು.

ನನ್ನ ಕೆಲಸ ಅಡಿಬರಹ ಬರೆಯುವುದು. ಮಾತುಗಳನ್ನಷ್ಟೇ ಅಲ್ಲ, ಸದ್ದುಗಳನ್ನೂ. 'ಬಾಗಿಲು ಕಿರುಗುಟ್ಟುತ್ತದೆ', 'ದೂರದಲ್ಲಿ ರೈಲು', 'ಪಕ್ಕದ ಕೋಣೆಯಲ್ಲಿ ಯಾರೋ ಬಿಕ್ಕುತ್ತಾರೆ'. ಪರದೆಯ ಕೆಳಗೆ ಎರಡು ಸಾಲು, ಅಷ್ಟರಲ್ಲೇ ಎಲ್ಲವೂ ಹಿಡಿಸಬೇಕು. ಒಂದು ಸಾಲು ಓದಿ ಕಣ್ಣೆತ್ತಿ ನಟನ ಮುಖ ನೋಡಲು ಎಷ್ಟು ಹೊತ್ತು ಬೇಕು ಎಂದು ಲೆಕ್ಕ ಹಾಕಬೇಕು. ನಗೆಮಾತು ನಟನ ಬಾಯಿಂದ ಹೊರಡುವ ಮೊದಲೇ ಅಕ್ಷರದಲ್ಲಿ ಕಾಣಿಸಿಕೊಂಡರೆ ಆ ನಗೆ ಹಾಳಾಯಿತೆಂದೇ ಅರ್ಥ. ಇದನ್ನೆಲ್ಲ ನನಗೆ ಯಾರೂ ಕಲಿಸಲಿಲ್ಲ, ಅಣ್ಣನನ್ನು ನೋಡಿ ಕಲಿತೆ.

ಅಣ್ಣ ಪತ್ರಿಕೆಯೊಂದರ ಮುದ್ರಣಾಲಯದಲ್ಲಿ ಮೂವತ್ತೊಂದು ವರ್ಷ ದೊಡ್ಡ ಯಂತ್ರದ ಪಕ್ಕದಲ್ಲೇ ನಿಂತು ಕೆಲಸ ಮಾಡಿದವನು. ಯಂತ್ರ ಅವನಿಗೆ ಸಂಬಳ ಕೊಟ್ಟಿತು, ಕಿವಿ ಇಸಿದುಕೊಂಡಿತು. ನಿವೃತ್ತನಾಗಿ ನನ್ನ ಮನೆಗೆ ಬಂದಾಗ, ಎದುರು ಕೂತು ನಿಧಾನಕ್ಕೆ ಆಡಿದರೆ ನನ್ನೊಬ್ಬಳ ತುಟಿಯ ಮಾತು ಅವನಿಗೆ ತಿಳಿಯುತ್ತಿತ್ತು, ಉಳಿದ ಲೋಕವೆಲ್ಲ ಬಾಯಿ ಆಡಿಸುವ ಮೀನಿನ ತೊಟ್ಟಿ. ಅವನನ್ನು ಒಂದು ದಿನ ಟೈರು ಅಂಗಡಿಯ ಮೇಲಿನ ಕೋಣೆಗೆ ಕರೆತಂದೆ. ನಾನು ಬರೆದಿದ್ದು ಸರಿಯಾಗಿದೆಯೋ ಇಲ್ಲವೋ ಅವನೇ ಹೇಳಲಿ ಎಂದು.

ಅಲ್ಲಿಂದ ಶುರುವಾಗಿದ್ದು 'ಅಣ್ಣನ ಪರೀಕ್ಷೆ'. ಆ ಹೆಸರು ಇಟ್ಟವರು ತಾವೇ. ಪ್ರತಿ ಸಿನಿಮಾ ಜನರಿಗೆ ತಲುಪುವ ಮೊದಲು ಅಣ್ಣನನ್ನು ಮುಂದೆ ಕೂರಿಸುವುದು, ನಾವೆಲ್ಲ ಹಿಂದೆ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಸದ್ದು ಕೇಳುತ್ತ ಕೂರುವುದು. ನಾವು ನಕ್ಕಾಗ ಅಣ್ಣನೂ ನಕ್ಕರೆ ಪಾಸು. ತೆರೆಯ ಮೇಲೆ ಬಾಗಿಲು ಬಡಿದಾಗ ನಾವು ಬೆಚ್ಚಿ ಅಣ್ಣ ಬೆಚ್ಚದಿದ್ದರೆ ಫೇಲು, ನಾನು ಮತ್ತೆ ಬರೆಯಬೇಕು. ಅಣ್ಣನಿಗೆ ಇದಕ್ಕೆ ಸಂಬಳವೇನೂ ಇರಲಿಲ್ಲ, ಒಂದು ಲೋಟ ಕಾಫಿ ಮತ್ತು ಒಳ್ಳೆಯ ಕುರ್ಚಿ. ಅವನು ಬರುವ ದಿನ ತಾವು ನಿಂತೇ ಇರುತ್ತಿದ್ದಿರಿ. ಇದನ್ನು ವ್ಯಂಗ್ಯವಾಗಿ ಬರೆಯುತ್ತಿಲ್ಲ, ಆಗ ತಾವು ಒಳ್ಳೆಯವರಿದ್ದಿರಿ.

ತಪ್ಪು ನಾನೂ ಮಾಡಿದ್ದೇನೆ. ಒಂದು ಕೊಲೆಯ ಸಿನಿಮಾ ಬಂದಿತ್ತು, ತಮಗೆ ನೆನಪಿರಲೇಬೇಕು. ಶುರುವಿನಲ್ಲೇ ಕೊಲೆ ನಡೆಯುವ ಕತ್ತಲ ಕೋಣೆಯಲ್ಲಿ ಯಾರೋ ಒಬ್ಬ ಕೆಮ್ಮುತ್ತಾನೆ, ಮುಖ ಕಾಣುವುದಿಲ್ಲ. ನಾನು ಅಡಿಬರಹ ಬರೆಯುವ ಮೊದಲು ಸಿನಿಮಾ ಪೂರ್ತಿ ನೋಡಿದ್ದೆನಲ್ಲ, ಕೆಮ್ಮಿದವನು ಯಾರೆಂದು ನನಗೆ ಗೊತ್ತಿತ್ತು. ಪ್ರಾಮಾಣಿಕವಾಗಿ 'ಡಾಕ್ಟರು ಕೆಮ್ಮುತ್ತಾರೆ' ಎಂದು ಬರೆದುಬಿಟ್ಟೆ. ಪರೀಕ್ಷೆಯ ದಿನ ಹತ್ತೇ ನಿಮಿಷಕ್ಕೆ ಅಣ್ಣ ಎದ್ದು ನಿಂತು, "ಡಾಕ್ಟರೇ ಕೊಂದಿದ್ದು, ಇನ್ನೇನು ನೋಡೋದು?" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟ. ತಮಗೆ ಎಲ್ಲಿಲ್ಲದ ಕೋಪ ಬಂತು. ಬಂದಿದ್ದು ನನ್ನ ತಪ್ಪಿಗಲ್ಲ, ತಾವು ಆ ಸಿನಿಮಾ ಅದುವರೆಗೆ ನೋಡಿರಲಿಲ್ಲ. ಮಾರನೇ ದಿನ ತಾವೇ ಕೈಯಾರೆ ಒಂದು ಹಾಳೆ ಬರೆದು ನನ್ನ ಮೇಜಿನ ಮುಂದಿನ ಗೋಡೆಗೆ ಅಂಟಿಸಿದಿರಿ: 'ಕಿವಿಗೆ ಗೊತ್ತಿಲ್ಲದ್ದು ಅಕ್ಷರಕ್ಕೂ ಗೊತ್ತಿರಬಾರದು.' ಆ ಹಾಳೆ ನೋಡಿಕೊಂಡು ನಾನು ಒಂಬತ್ತು ವರ್ಷ ಕೆಲಸ ಮಾಡಿದೆ.

ಆಮೇಲೆ ತಾವು ಬೆಳೆದಿರಿ. ನೂರ ಹನ್ನೆರಡು ಸಿನಿಮಾ ಸಾವಿರವಾಯಿತು, ಸಾವಿರ ಎಷ್ಟಾಯಿತೋ ತಮಗೂ ತಿಳಿಯದಂತಾಯಿತು. ಟೈರು ವಾಸನೆ ಬಿಟ್ಟು ಗಾಜಿನ ಕಟ್ಟಡಕ್ಕೆ ಹೋದೆವು, ಅಲ್ಲಿನ ಕಿಟಕಿಗಳನ್ನು ತೆರೆಯಲು ಬರುವುದೇ ಇಲ್ಲ. ಇನ್ನೊಬ್ಬರ ಸಿನಿಮಾ ತೋರಿಸಿ ಸಾಕಾಗಿ ತಮ್ಮದೇ ಧಾರಾವಾಹಿ ತೆಗೆಯಲು ಶುರು ಮಾಡಿದಿರಿ. ಏನು ನೋಡುತ್ತೀರೆಂದು ತಾವು ಜನರನ್ನು ಕೇಳುವ ಕಾಲ ಹೋಗಿ, ಏನು ನೋಡಬೇಕೆಂದು ತಾವೇ ಹೇಳುವ ಕಾಲ ಬಂತು. ಅರ್ಧ ಗಂಟೆ ಅಲ್ಲಾಡದೆ ಕೂತರೆ 'ಇನ್ನೂ ನೋಡುತ್ತಿದ್ದೀರಾ?' ಎಂದು ಕೇಳುತ್ತೀರಿ, ಅಷ್ಟು ಕಾಳಜಿ. ಜಾಹೀರಾತು ಇಲ್ಲದಿರುವುದೇ ನಮ್ಮ ಹೆಮ್ಮೆ ಎಂದು ಭಾಷಣ ಮಾಡಿದ ಬಾಯಲ್ಲೇ ಈಗ ಜಾಹೀರಾತು ನೋಡಿದರೆ ರಿಯಾಯಿತಿ ಎನ್ನುತ್ತೀರಿ. ಇದಕ್ಕೆಲ್ಲ ನಾನು ಮೂಗು ಮುರಿಯುವವಳಲ್ಲ. ಬೆಳೆಯುವವರು ಬೆಳೆಯಲಿ. ಬೆಳೆದವರ ಮನೆಯ ಕುರ್ಚಿ ಹಳೆಯ ನೆಂಟರಿಗೆ ಸಿಗುವುದಿಲ್ಲ ಎಂಬ ತಿಳಿವಳಿಕೆ ನನಗೂ ಇದೆ.

ಅಣ್ಣನ ಪರೀಕ್ಷೆ ನಿಂತಿದ್ದು ಗಾಜಿನ ಕಟ್ಟಡಕ್ಕೆ ಹೋದ ಎರಡನೇ ವರ್ಷ. ಬಾಗಿಲ ಕಾವಲಿನವರು ಗುರುತಿನ ಚೀಟಿ ಕೇಳಿದರು, ಅಣ್ಣನಿಗೆ ಅವರು ಕೇಳಿದ್ದು ಕೇಳಿಸಲಿಲ್ಲ, ಅಷ್ಟಕ್ಕೇ ಮುಗಿಯಿತು. ನಾನು ಬಂದು ತಮ್ಮಲ್ಲಿ ಹೇಳಿದಾಗ, ನೋಡೋಣ ಎಂದಿರಿ. ಈಗಲೂ ನೋಡುತ್ತಿರಬಹುದು. ಅದಾಗಿ ಕೆಲವು ವರ್ಷಕ್ಕೆ ನಮ್ಮ ವಿಭಾಗಕ್ಕೇ ಬೀಗ ಬಿತ್ತು. ತಮ್ಮ ಸಹಿ ಇರುವ ಒಂದು ಪಿಂಗಾಣಿ ಬಟ್ಟಲು ಕೊಟ್ಟು, ಇನ್ನು ಮುಂದೆ ಯಂತ್ರವೇ ಬರೆಯುತ್ತದೆ ಎಂದು ಹೇಳಿ ಕೈತೊಳೆದುಕೊಂಡಿರಿ. ಹೊಸ ಸಿನಿಮಾಗಳಿಗೆ ಯಂತ್ರ ಬರೆಯಲಿ, ಅಣ್ಣನ ಪರೀಕ್ಷೆಯಲ್ಲಿ ಪಾಸಾದ ಹಳೆಯ ನೂರ ಹನ್ನೆರಡು ಹೇಗೂ ಇವೆಯಲ್ಲ ಎಂದು ನಾನೂ ಸುಮ್ಮನಾದೆ. ಅಣ್ಣನೂ ಅವನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡು ಆರು ವರ್ಷ ಕಳೆದ.

ಅವುಗಳಲ್ಲಿ ಅವನ ಪ್ರಾಣವೆಂದರೆ ಒಂದು ಹಳೆಯ ಹಾಸ್ಯ ಸಿನಿಮಾ. ನಾಲ್ಕು ಜನ ಅಣ್ಣತಮ್ಮಂದಿರು ಮೂರನೇ ಮಹಡಿಯಿಂದ ಒಂದು ದೊಡ್ಡ ಮರದ ಬೀರು ಇಳಿಸುತ್ತಿರುತ್ತಾರೆ. ಅವರ ಸೋದರಮಾವ ಹೆಂಡತಿಗೆ ಹೆದರಿ ಬೀರುವಿನೊಳಗೆ ಅಡಗಿ, ಅಲ್ಲೇ ನಿದ್ದೆ ಹೋಗಿದ್ದಾನೆ. ಇದು ಇಳಿಸುವವರಿಗೆ ಗೊತ್ತಿಲ್ಲ. ಮಾವನ ಮುಖ ತೆರೆಯ ಮೇಲೆ ಒಮ್ಮೆಯೂ ಬರುವುದಿಲ್ಲ, ಅವನು ಒಳಗಿದ್ದಾನೆಂದು ತಿಳಿಯುವುದು ಗೊರಕೆಯಿಂದ ಮಾತ್ರ. ಆ ಗೊರಕೆಗಾಗಿ ನಾನು ಹನ್ನೊಂದು ದಿನ ಕೂತಿದ್ದೆ. 'ಬೀರುವಿನೊಳಗಿಂದ ಗೊರಕೆ', 'ಗೊರಕೆ ನಿಲ್ಲುತ್ತದೆ', 'ಮತ್ತೆ ಶುರು, ಈ ಸಲ ಸಿಳ್ಳೆಯ ಜೊತೆ'. ಅಣ್ಣ ಪರೀಕ್ಷೆಯ ದಿನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದನ್ನು ಕೇಳಿ, ಕೆಳಗಿನ ಟೈರು ಅಂಗಡಿಯವನು ಏನಾಯಿತೆಂದು ಹತ್ತಿ ಬಂದಿದ್ದ.

ಕಳೆದ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅಣ್ಣ ಅದೇ ಸಿನಿಮಾ ಹಾಕಿದ. ಬೀರು ಮೆಟ್ಟಿಲಿಗೆ ಬಂತು. ಕೆಳಗೆ ಅಕ್ಷರ ಮೂಡಿತು: 'ಸಂಗೀತ'. ಬೀರು ತಿರುವಿನಲ್ಲಿ ಸಿಕ್ಕಿಕೊಂಡಿತು: 'ಸಂಗೀತ'. ಒಳಗೆ ಮಾವ ಸಿಳ್ಳೆಯ ಜೊತೆ ಗೊರಕೆ ಹೊಡೆಯುತ್ತಿದ್ದಾನೆ, ನನಗೆ ಕೇಳಿಸುತ್ತಿದೆ, ಕೆಳಗೆ ಮಾತ್ರ 'ಸಂಗೀತ, ಸಂಗೀತ'. ಅಣ್ಣ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಆಮೇಲೆ ನನ್ನ ಕಡೆ ತಿರುಗಿ, "ಮಾವ ಎದ್ದು ಹೋಗ್ಬಿಟ್ನಾ?" ಎಂದ.

ತಮಾಷೆಗೆ ಹೇಳಿದ್ದೇ.

ಅವತ್ತೇ ದೂರು ಬರೆದೆ. ನಮ್ಮ ಚಂದಾ ಅಣ್ಣನ ಹೆಸರಿನಲ್ಲಿದೆ, ದೂರಿಗೂ ಅವನದೇ ಹೆಸರು. ಸಮಸ್ಯೆ ಏನೆಂಬ ಜಾಗದಲ್ಲಿ 'ನನಗೆ ಕಿವಿ ಕೇಳಿಸುವುದಿಲ್ಲ, ಅಡಿಬರಹ ಸರಿಯಿಲ್ಲ' ಎಂದು ಬಿಡಿಸಿ ಬರೆದೆ. ತಮ್ಮ ಸಂಸ್ಥೆಯ ಚುರುಕುತನವನ್ನು ಮೆಚ್ಚಲೇಬೇಕು, ಮಾರನೇ ದಿನವೇ ಅಣ್ಣನಿಗೆ ಫೋನು ಬಂತು. ಅವನು ಜೇಬಿನಲ್ಲಿ ಫೋನು ಇಟ್ಟುಕೊಂಡು ಗಿಡಕ್ಕೆ ನೀರು ಹಾಕುತ್ತಿದ್ದ. ಸಂಜೆ ಒಂದು ಸಂದೇಶ: 'ಗ್ರಾಹಕರು ಕರೆಗೆ ಉತ್ತರಿಸದ ಕಾರಣ ದೂರನ್ನು ಮುಕ್ತಾಯಗೊಳಿಸಲಾಗಿದೆ.' ಮತ್ತೆ ಬರೆದೆ, ದಯವಿಟ್ಟು ಫೋನು ಮಾಡಬೇಡಿ ಎಂದೂ ಸೇರಿಸಿದೆ. ಮತ್ತೆ ಫೋನು ಬಂತು, ಮತ್ತೆ ಮುಕ್ತಾಯ. ಮೂರನೇ ಸಲ ಫೋನನ್ನು ನಾನೇ ಎತ್ತಿಕೊಂಡೆ. ಆ ಕಡೆಯ ಹುಡುಗಿ ಬಹಳ ವಿನಯದಿಂದ, ಗ್ರಾಹಕರ ಜೊತೆ ಮಾತ್ರ ಮಾತಾಡಲು ತನಗೆ ಅನುಮತಿ ಇದೆ, ಅವರಿಗೇ ಫೋನು ಕೊಡಿ ಎಂದಳು. ಕೊಟ್ಟೆ. ಅಣ್ಣ ಫೋನು ಕಿವಿಗಿಟ್ಟುಕೊಂಡು, ಏನೂ ಕೇಳಿಸದೆ, ಯಾವುದಕ್ಕೂ ಇರಲಿ ಎಂದು "ಆಯ್ತಮ್ಮ, ಆಯ್ತು" ಎಂದ. ಸಂಜೆಗೆ ಸಂದೇಶ: 'ಗ್ರಾಹಕರು ತೃಪ್ತಿ ವ್ಯಕ್ತಪಡಿಸಿದ್ದಾರೆ.' ಕಿವಿ ಕೇಳಿಸದವನ ತೃಪ್ತಿಯನ್ನು ಫೋನಿನಲ್ಲೇ ಸಂಪಾದಿಸಿದ ಸಂಸ್ಥೆ ಲೋಕದಲ್ಲಿ ಇನ್ನೊಂದು ಇದೆಯೇ? ಇದನ್ನೂ ತಮ್ಮ ಹದಿನೈದು ವರ್ಷದ ಸಾಧನೆಗಳ ಪಟ್ಟಿಗೆ ಸೇರಿಸಿಕೊಳ್ಳಿ.

ಯಂತ್ರವೂ ಕಲಿಯುತ್ತದೆ, ಸ್ವಲ್ಪ ಕಾಲ ಕೊಡಿ ಎಂದು ತಾವು ಹೇಳಬಹುದು. ಕಲಿಯಲಿ. ಆದರೆ ಯಾರಿಂದ? ಅದು ಬರೆದಿದ್ದನ್ನು ಓದಿ, ಇದು ತಪ್ಪು ಎಂದು ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಡುವ ಒಬ್ಬ ಮನುಷ್ಯ ಆ ಗಾಜಿನ ಕಟ್ಟಡದಲ್ಲಿ ಎಲ್ಲಿದ್ದಾನೆ? ಅಡಿಬರಹ ಇದೆ ಎಂದು ತಮ್ಮ ಪಟ್ಟಿಯಲ್ಲಿ ಗುರುತು ಬಿದ್ದರೆ ಸಾಕು, ಅದನ್ನು ಯಾರಾದರೂ ಓದಿ ನಕ್ಕರೋ ಇಲ್ಲವೋ ಎಂದು ತಲೆ ಕೆಡಿಸಿಕೊಳ್ಳುವವರು ಯಾರು?

ಇನ್ನು ಈ ಪತ್ರ ಬರೆಯಲು ನಿಜವಾದ ಕಾರಣ. ಎರಡು ವಾರದ ಕೆಳಗೆ ನಾವಿಬ್ಬರೂ ತಮ್ಮದೇ ಹೊಸ ಹಾಸ್ಯ ಧಾರಾವಾಹಿ ನೋಡುತ್ತಿದ್ದೆವು, ಬಸ್ಸುಗಳ ಮೇಲೆಲ್ಲ ಚಿತ್ರ ಅಂಟಿಸಿದ್ದೀರಲ್ಲ, ಅದು. ನಾನು ನಗುತ್ತಿದ್ದೆ, ಅಣ್ಣನೂ ನಗುತ್ತಿದ್ದ. ಪರವಾಗಿಲ್ಲವೇ, ಯಂತ್ರ ಸುಧಾರಿಸಿದೆ ಎಂದುಕೊಂಡೆ. ಆದರೆ ವರ್ಷಗಟ್ಟಲೆ ಅಣ್ಣನ ನಗುವನ್ನು ಹಿಂದಿನಿಂದ ಕೂತು ಅಳೆದವಳು ನಾನು. ಅದು ಚೂರು ತಡವಾಗಿ ಬರುತ್ತಿತ್ತು. ಓರೆಗಣ್ಣಿನಲ್ಲಿ ನೋಡಿದೆ. ಅವನು ಟೀವಿ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದ.

ಆಗ ನಾನೊಂದು ಕೆಟ್ಟ ಕೆಲಸ ಮಾಡಿದೆ. ತೆರೆಯ ಮೇಲೆ ಒಬ್ಬ ಹೆಂಗಸು ಫೋನಿನಲ್ಲಿ ಯಾರದೋ ಸಾವಿನ ಸುದ್ದಿ ಕೇಳುತ್ತಿದ್ದಳು. ಅವಳು ಬೆನ್ನು ತಿರುಗಿಸಿ ನಿಂತಿದ್ದರಿಂದ ಮುಖ ಕಾಣುತ್ತಿರಲಿಲ್ಲ, ಕೆಳಗೆ 'ಸಂಗೀತ' ಎಂದಿತ್ತು. ನಾನು ಬೇಕೆಂದೇ ಜೋರಾಗಿ ನಕ್ಕೆ. ಅಣ್ಣನೂ ನಕ್ಕ.

ಟೀವಿ ಆರಿಸಿ ಅವನೆದುರು ಹೋಗಿ ಕೂತು, ಯಾಕೆ ನಕ್ಕೆ ಎಂದು ಕೇಳಿದೆ. ನಾಚಿಕೊಳ್ಳುತ್ತಾನೆ, ಇಲ್ಲ ಸಿಟ್ಟಾಗುತ್ತಾನೆ ಎಂದುಕೊಂಡಿದ್ದೆ. ಎರಡೂ ಇಲ್ಲ.

"ನೀನೊಬ್ಬಳೇ ನಗ್ತಾ ಕೂತಿದ್ರೆ ನಿಂಗೆ ಬೇಜಾರಾಗಲ್ವೇನೇ? ಅದಕ್ಕೆ ನಕ್ಕೆ."

ಎಷ್ಟು ದಿನದಿಂದ ಹೀಗೆ ಎಂದು ಕೇಳಿದೆ. ಅವನು ನನ್ನ ತುಟಿ ಅರ್ಥವಾಗದವನಂತೆ ಎದ್ದು ಹೋದ.

ಮಾನ್ಯರೇ, ನನಗೆ ಕೆಲಸ ವಾಪಸು ಬೇಡ, ನನ್ನ ಕಣ್ಣು ಈಗ ಅಷ್ಟು ಸೂಕ್ಷ್ಮವಿಲ್ಲ. ಕ್ಷಮೆಯ ಪತ್ರ, ಉಚಿತ ಚಂದಾ, ಇನ್ನೊಂದು ಬಟ್ಟಲು, ಇವೂ ಬೇಡ. ಆ ನೂರ ಹನ್ನೆರಡು ಸಿನಿಮಾಗಳ ಹಳೆಯ ಅಡಿಬರಹಗಳು ತಮ್ಮ ಬಳಿ ಭದ್ರವಾಗಿವೆ, ತಾವು ಏನನ್ನೂ ಎಸೆಯುವವರಲ್ಲ ಎಂದು ನನಗೆ ಗೊತ್ತು. ಅವನ್ನು ಈ ತಿಂಗಳೊಳಗೆ ಮೊದಲಿನ ಜಾಗದಲ್ಲಿ ಹಾಕಿ. ಹೊಸದಕ್ಕೆ ಯಂತ್ರವೇ ಬರೆಯಲಿ, ಆದರೆ ಅದನ್ನು ತಿದ್ದಲು ಕಿವಿ ಕೇಳುವ ಒಬ್ಬರನ್ನೂ, ಪರೀಕ್ಷಿಸಲು ಕಿವಿ ಕೇಳದ ಒಬ್ಬರನ್ನೂ ಸಂಬಳ ಕೊಟ್ಟು ನೇಮಿಸಿ. ಉತ್ತರವನ್ನು ಅಕ್ಷರದಲ್ಲಿ ಕಳುಹಿಸಿ, ಫೋನು ಮಾಡಬೇಡಿ. ಅಲ್ಲಿಯವರೆಗೆ ತಮ್ಮ ಹಾಸ್ಯ ಧಾರಾವಾಹಿಯನ್ನು ನಾನು ತುಟಿ ಕಚ್ಚಿಕೊಂಡು ನೋಡುತ್ತೇನೆ. ನಾನು ನಕ್ಕರೆ ಅಣ್ಣ ನಗಬೇಕಾಗುತ್ತದೆ.

ಇಂತಿ,
ತಮ್ಮ ದಾಖಲೆಯ ಪ್ರಕಾರ ತೃಪ್ತರಾಗಿರುವ ಗ್ರಾಹಕರ ತಂಗಿ