ಎರಡನೇ ಕ್ಯಾಮೆರಾ ಬೇಡ

ಹಿಮಾಯತ್‌ನಗರ, ಹೈದರಾಬಾದ್
ಭಾನುವಾರ, ೧೯ ಜನವರಿ ೨೦೨೫

ಮಿನುವಿನ ಅಪ್ಪನವರಿಗೆ ಕುಮುದಾಳ ನಮಸ್ಕಾರ.

ಕಾಗದ ನೋಡಿ ಗಾಬರಿಯಾಗಬೇಡಿ, ಎಲ್ಲರೂ ಚೆನ್ನಾಗಿದ್ದೇವೆ. ಹನ್ನೊಂದು ವರ್ಷದಿಂದ ನಮ್ಮಿಬ್ಬರ ಮಾತೆಲ್ಲ ಮಗಳ ಮೂಲಕವೇ ನಡೆದಿದೆ. ನಾನು ಹಿಮಾಯತ್‌ನಗರದಲ್ಲಿ, ನೀವು ಬಾಲಾನಗರದಲ್ಲಿ, ನಡುವೆ ಸಿಟಿ ಬಸ್ಸಿನಲ್ಲಿ ಮಿನು. ಫೋನ್ ಮಾಡಬಹುದಿತ್ತು ನಿಜ. ಆದರೆ ಫೋನಿನಲ್ಲಿ ನೀವು ನಡುವೆ ಬಾಯಿ ಹಾಕುತ್ತೀರಿ, ನನಗೆ ಸಿಟ್ಟು ಬರುತ್ತದೆ, ಅಲ್ಲಿಗೆ ಮುಗಿಯಿತು. ಕಾಗದದಲ್ಲಿ ನಿಮಗೆ ಆ ಸೌಲಭ್ಯವಿಲ್ಲ.

ವಿಷಯ ಫೋಟೋ ತೆಗೆಯುವವರದು. ನಗಬೇಡಿ, ಎರಡು ತಿಂಗಳಿಂದ ನಮ್ಮ ಮನೆಯಲ್ಲಿ ಇದೇ ರಾಮಾಯಣ. ಮುಂದಿನ ತಿಂಗಳ ಏಳಕ್ಕೆ ಮದುವೆ. ಮಲ್ಲೇಶಂ ಒಬ್ಬನೇ ಸಾಲುವುದಿಲ್ಲ, ಇನ್ನೊಬ್ಬ ಫೋಟೋಗ್ರಾಫರ್ ಬೇಕೇ ಬೇಕು ಎಂದು ಮಿನುವಿನ ಹಟ. ಮಲ್ಲೇಶಂ ಮಂಟಪ ಬಿಟ್ಟು ಕದಲುವ ಹಾಗಿಲ್ಲ, ಕೆಳಗೆ ಕೂತ ಬಂಧುಬಳಗದ ಫೋಟೋ ಯಾರು ತೆಗೆಯಬೇಕು ಎಂದು ಅವಳ ವಾದ. ಒಬ್ಬನ ಕ್ಯಾಮೆರಾದ ಬೆಳಕಿಗೇ ಅಕ್ಷತೆ ಎಲ್ಲಿ ಹಾಕಬೇಕೆಂದು ಜನಕ್ಕೆ ಕಾಣುವುದಿಲ್ಲ, ಇನ್ನು ಇಬ್ಬರೇ ಎಂದು ನನ್ನ ವಾದ. ಅಳಿಯನಾಗುವ ನಿಶಾಂತ ಪಾಪ, ಅತ್ತೆಯೂ ಸರಿ ಹೆಂಡತಿಯೂ ಸರಿ ಎನ್ನುತ್ತ ಎರಡೂ ಕಡೆ ಬೈಸಿಕೊಂಡ.

ನಿಶ್ಚಿತಾರ್ಥದ ದಿನ ಆದದ್ದು ನಿಮಗೂ ಗೊತ್ತು. ಮಲ್ಲೇಶಂ ಕ್ಯಾಮೆರಾ ಹಿಡಿದು, ‘ಅಮ್ಮಾ, ನಾನ್ನಾ, ದಗ್ಗರಗಾ ರಂಡಿ’ ಎಂದು ನನ್ನನ್ನೂ ನನ್ನ ತಮ್ಮ ಗೋಪಿನಾಥನನ್ನೂ ಪಕ್ಕಪಕ್ಕ ನಿಲ್ಲಿಸಿಬಿಟ್ಟ. ಹುಡುಗಿಯ ತಂದೆತಾಯಿ ಹತ್ತಿರ ಬನ್ನಿ ಎಂದು ಅವನ ಅರ್ಥ. ಪಾಪ, ತಪ್ಪು ಅವನದಲ್ಲ. ಬೆಳಗಿನಿಂದ ಯಜಮಾನಿಕೆ ಮಾಡುತ್ತಿದ್ದವನು ಗೋಪಿನಾಥನೇ. ಗೋಪಿನಾಥನ ಹೆಂಡತಿ ಶಾಮಲಾ ಎಲ್ಲರಿಗಿಂತ ಜೋರಾಗಿ ನಕ್ಕಳು. ನಾನೂ ನಕ್ಕೆ. ನೀವು ಬಾಗಿಲ ಹತ್ತಿರ ಫಳಾರದ ತಟ್ಟೆ ಹಿಡಿದು ನಿಂತಿದ್ದಿರಿ. ನಾನು ನೋಡಲಿಲ್ಲ ಎಂದುಕೊಂಡಿರಬೇಕು. ನೋಡಿದೆ. ತಟ್ಟೆಯನ್ನು ಹಾಗೇ ಕುರ್ಚಿಯ ಮೇಲಿಟ್ಟು ಹೊರಗೆ ಹೋದಿರಿ. ಮಿನು ಕೂಡ ನೋಡಿದ್ದಳು ಎಂಬುದು ನನಗೆ ಮೊನ್ನೆಯವರೆಗೂ ಗೊತ್ತಿರಲಿಲ್ಲ.

ಗುರುವಾರ ನಾನೇ ಮಲ್ಲೇಶಂನ ಸ್ಟುಡಿಯೋಕ್ಕೆ ಹೋದೆ. ಎರಡನೆಯವನು ಬೇಡ, ಮಗಳಿಗೆ ನೀನೇ ಹೇಗಾದರೂ ತಿಳಿಸಿ ಹೇಳು ಎನ್ನುವುದು ನನ್ನ ಉಪಾಯ. ಅವನು ತಲೆ ಕೆರೆದುಕೊಂಡು ಡ್ರಾಯರಿನಿಂದ ಒಂದು ಹಾಳೆ ತೆಗೆದು ಮುಂದಿಟ್ಟ. ಮಿನುವಿನ ಅಕ್ಷರ, ತೆಲುಗಿನಲ್ಲಿ. ಮೊದಲನೇ ಕ್ಯಾಮೆರಾ: ಅಮ್ಮ, ಗೋಪಿನಾಥ ಮಾವ, ಶಾಮಲಾ ಅತ್ತೆ, ಅಮ್ಮನ ಆಫೀಸಿನವರು. ಎರಡನೇ ಕ್ಯಾಮೆರಾ: ಅಪ್ಪ, ಅಪ್ಪನ ಕಾರ್ಖಾನೆಯವರು. ಕೆಳಗೆ ಎರಡು ಗೆರೆ ಎಳೆದು ಬರೆದಿದ್ದಳು. ಅಪ್ಪ ಇದ್ದಲ್ಲಿಗೆ ಅಮ್ಮನನ್ನು ಕರೆಯಬೇಡಿ, ಅಮ್ಮ ಇದ್ದಲ್ಲಿಗೆ ಅಪ್ಪನನ್ನು ಕರೆಯಬೇಡಿ, ಆಲ್ಬಮ್ ಎರಡು ಬೇರೆ ಬೇರೆ ಮಾಡಿ. ಮಲ್ಲೇಶಂ ಬಹಳ ಮರ್ಯಾದೆಯಿಂದ ಕೇಳಿದ, ಮೇಡಂ, ಇಬ್ಬರೂ ಒಂದೇ ಫೋಟೋದಲ್ಲಿ ಅಕಸ್ಮಾತ್ ಬಂದುಬಿಟ್ಟರೆ ಒಬ್ಬರನ್ನು ಕತ್ತರಿಸಿಬಿಡಲೇ ಎಂದು.

ಹಾಳೆಯನ್ನು ಅವನ ಮುಂದಕ್ಕೇ ಸರಿಸಿ ಎದ್ದೆ. ಮನೆಗೆ ನಡೆದುಕೊಂಡೇ ಬಂದೆ. ಈ ಹುಡುಗಿ ಹದಿನೈದನೇ ವಯಸ್ಸಿನಿಂದ ಎಲ್ಲವನ್ನೂ ಎರಡೆರಡು ಮಾಡುತ್ತ ಬಂದಿದ್ದಾಳೆ. ಹುಟ್ಟುಹಬ್ಬ ಎರಡು, ದೀಪಾವಳಿಯ ಆರತಿ ಎರಡು, ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ಎರಡು. ಅವಳಿಗೆ ಇದೆಲ್ಲ ರೂಢಿಯಾಗಿದೆ ಎಂದು ನಾನು ಆರಾಮಾಗಿದ್ದೆ. ನಾಚಿಕೆಯಾಯಿತು.

ಸಂಜೆ ಅವಳನ್ನು ಎದುರಿಗೆ ಕೂರಿಸಿಕೊಂಡು ಹಾಳೆಯ ಮಾತು ತೆಗೆದೆ. ಮೊದಲು ಮಲ್ಲೇಶಂನ ಮೇಲೆ ರೇಗಿದಳು. ಆಮೇಲೆ, ‘ಅಮ್ಮಾ, ಅವತ್ತು ಅಪ್ಪ ತಿನ್ನದನ ಎದ್ದು ಹೋದ್ರು. ನನ್ನ ಲಗ್ನದ ದಿನಾನೂ ಹಂಗ ಹೋಗ್ತಾರಂತ ನಂಗ ಭಾಳ ಹೆದರಿಕಿ ಅದ’ ಎಂದಳು. ಅಷ್ಟೇ. ನನ್ನ ಮೇಲೆ ಒಂದು ಮಾತೂ ಆಡಲಿಲ್ಲ.

ಕನ್ಯಾದಾನಕ್ಕೆ ಗೋಪಿನಾಥ, ಶಾಮಲಾ ಕೂಡುವುದೆಂದು ಗೊತ್ತುಮಾಡಿದವಳು ನಾನೇ. ನೀವು ಕೂತರೆ ಪಕ್ಕದಲ್ಲಿ ನಾನು ಕೂಡಬೇಕಲ್ಲ, ಅದು ಆಗದ ಮಾತು ಎಂದಿದ್ದೆ. ತಂದೆ ಮಗಳ ಕೈ ಹಿಡಿದು ಕೊಡಬೇಕು, ತಾಯಿ ಧಾರೆಯ ನೀರು ಬಿಡಬೇಕು. ನಿಮ್ಮನ್ನು ದೂರ ಇಡುವ ಭರದಲ್ಲಿ ನನ್ನ ಮಗಳ ಧಾರೆಯ ನೀರನ್ನೂ ಇನ್ನೊಬ್ಬರ ಕೈಗೆ ಕೊಟ್ಟು ಕೂತಿದ್ದೆ. ಶಾಮಲಾ ಒಳ್ಳೆಯವಳು, ಸಂತೋಷದಿಂದ ಬಿಡುತ್ತಿದ್ದಳು. ನಾನು ಹಿಂದೆ ನಿಂತು ಅವಳ ಸೆರಗು ನೋಡುತ್ತಿದ್ದೆ.

ಆ ಗಳಿಗೆಯಲ್ಲಿ ನನ್ನ ಬಾಯಿಂದ ಒಂದು ಸುಳ್ಳು ಬಂತು. ‘ನಿಮ್ಮಪ್ಪನ್ನ ನಾನ ಕೇಳೀನಿ, ಕನ್ಯಾದಾನಕ್ಕ ಕೂಡ್ಲಿಕ್ಕೆ ಒಪ್ಯಾರ, ಎರಡನೇ ಕ್ಯಾಮೆರಾ ಬ್ಯಾಡ’ ಎಂದುಬಿಟ್ಟೆ. ಕೇಳಿದ್ದೆಲ್ಲಿಂದ ಬಂತು! ಆದರೆ ನೀವು ಅವಳ ಮುಖ ನೋಡಬೇಕಿತ್ತು. ಅಡುಗೆಮನೆಯ ನೆಲದ ಮೇಲೆಯೇ ಕೂತು ಅತ್ತಳು, ನಕ್ಕಳು, ಎರಡು ಸಲ ಅನ್ನ ಹಾಕಿಸಿಕೊಂಡಳು, ಎಂಟು ಗಂಟೆಗೇ ಸೋಫಾದ ಮೇಲೆ ನಿದ್ದೆ ಹೋದಳು. ಮರುದಿನ ಬೆಳಿಗ್ಗೆಯೇ ಮಲ್ಲೇಶಂಗೆ ಫೋನ್ ಮಾಡಿ ಎರಡನೆಯವನನ್ನು ಬಿಡಿಸಿದಳು. ಎದೆಯ ಮೇಲಿನ ಕಲ್ಲು ಇಳಿದದ್ದು ಅವಳಿಗೊಬ್ಬಳಿಗೇ ಅಲ್ಲ. ನಾನೂ ಮೂರು ದಿನದಿಂದ ಹಗುರಾಗಿದ್ದೇನೆ, ಸುಳ್ಳು ಹೇಳಿದವಳು ಇಷ್ಟು ಹಗುರಾಗಿರಬಾರದು.

ಇನ್ನೊಂದನ್ನು ಬರೆಯದಿದ್ದರೆ ಈ ಕಾಗದ ಅರ್ಧವಾಗುತ್ತದೆ. ನಿಮ್ಮ ತಾಯಿ ಯಮುನಾಬಾಯಿಯವರು ತೀರಿಕೊಂಡ ದಿನ ಆಸ್ಪತ್ರೆಯಲ್ಲಿ, ಹತ್ತು ಜನರ ಎದುರಿಗೆ ನೀವು, ‘ನೀ ಮನೀಗೆ ಹೋಗಿರಲಿಲ್ಲಂದ್ರ ನಮ್ಮವ್ವ ಉಳೀತಿದ್ಲು’ ಅಂದಿರಿ. ನಾಲ್ಕು ವರ್ಷ ಅವರ ಸೇವೆ ಮಾಡಿದವಳು ನಾನು. ಆ ದಿನ ಸ್ನಾನಕ್ಕೆಂದು ಎರಡು ತಾಸು ಮನೆಗೆ ಹೋಗಿದ್ದೆ. ಆ ಮಾತು ಇವತ್ತಿಗೂ ಚುಚ್ಚುತ್ತದೆ, ಚುಚ್ಚುವುದಿಲ್ಲ ಎಂದು ಬರೆಯಲಾರೆ. ಆದರೆ ವೈಕುಂಠ ಸಮಾರಾಧನೆ ಮುಗಿದ ಮಾರನೆಯ ದಿನ ನೀವು ಬಂದು, ತಪ್ಪಾಯಿತು, ದುಃಖದಲ್ಲಿ ಅಂದೆ ಎಂದು ಕೈ ಮುಗಿದಿರಿ. ಚೀಲ ತೆಗೆದುಕೊಂಡು ಹೋಗಿ ಎಂದವಳು ನಾನು. ಇದನ್ನು ಯಾರಿಗೂ ಹೇಳಲಿಲ್ಲ. ನೀವೇ ಬಿಟ್ಟು ಹೋದಿರಿ ಎಂದು ಮಿನು ನಂಬಿದ್ದಳು, ನಾನು ನಂಬಗೊಟ್ಟೆ. ನೀವೂ ಒಂದು ದಿನಕ್ಕೂ ಅವಳಿಗೆ ನಿಜ ಹೇಳಲಿಲ್ಲ. ಗುರುವಾರ ನಾನು ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ನನ್ನ ಕೈ ಹಿಡಿದು ಕೂತಳು.

ಇದರಿಂದ ನಾವು ಮತ್ತೆ ಒಂದೇ ಸೂರಿನಡಿ ಬಾಳುತ್ತೇವೆ ಎಂದೇನೂ ತಿಳಿಯಬೇಡಿ. ಅಷ್ಟು ದೂರ ನಾನು ಯೋಚಿಸಿಲ್ಲ. ನಾಂದಿಗೆ ಆರನೇ ತಾರೀಖು ಬೆಳಿಗ್ಗೆ ಏಳಕ್ಕೆ ಬರಬೇಕು, ಪುರೋಹಿತರಿಗೆ ತಡವಾದರೆ ಆಗುವುದಿಲ್ಲ. ಗೋಪಿನಾಥನಿಗೆ ಹೇಳಿದ್ದೇನೆ. ಸದ್ಯ, ಎರಡು ತಾಸು ಕಾಲು ಮಡಚಿ ಕೂಡುವುದು ತಪ್ಪಿತು ಎಂದ. ನಿಮಗೆ ಒಪ್ಪಿಗೆ ಇಲ್ಲದಿದ್ದರೆ ನನಗೆ ತಿಳಿಸಿ, ಮಿನುವಿಗೆ ನಾನೇ ಹೇಳುತ್ತೇನೆ. ಹೇಗೆ ಹೇಳುತ್ತೇನೋ ಗೊತ್ತಿಲ್ಲ.

ಇಂತಿ,
ಕುಮುದಾ

ತಾ.ಕ.: ಸೋಮವಾರ ಬೆಳಿಗ್ಗೆ. ಕವರು ಅಂಟಿಸುವ ಮೊದಲೇ ಮಿನು ಬಂದು ಹೇಳಿದಳು, ನಿನ್ನೆ ಸಂಜೆ ನಿಮಗೆ ಫೋನ್ ಮಾಡಿದ್ದಳಂತೆ. ಅಪ್ಪಾ, ಅಮ್ಮ ಕೇಳಿದಕೂಡಲೇ ಒಪ್ಪಿದಿರಂತಲ್ಲ ಎಂದಳಂತೆ. ಅದಕ್ಕೆ ನೀವು, ‘ಹೂಂ, ನಿಮ್ಮಮ್ಮ ಫೋನ್ ಮಾಡಿದ್ಲು, ನಾ ಆಗಿಂದಾಗ ಹೂಂ ಅಂದೆ’ ಅಂದಿರಂತೆ. ನಾನು ಮಾಡದ ಫೋನು, ಕೇಳದ ಮಾತು. ಅವಳಿಗೆ ಮುಖ ಕಾಣದಿರಲೆಂದು ಒಲೆಯ ಕಡೆ ತಿರುಗಿ ನಿಂತೆ. ಇನ್ನು ಈ ಕಾಗದ ಕಳಿಸುವ ಅಗತ್ಯವೇ ಇಲ್ಲ. ಆದರೂ ಕಳಿಸುತ್ತಿದ್ದೇನೆ, ಯಾಕೆಂದರೆ ನಿಮ್ಮನ್ನು ನಾನು ಇನ್ನೂ ಕೇಳಿಯೇ ಇಲ್ಲ. ನಮ್ಮ ಮಗಳ ಕನ್ಯಾದಾನಕ್ಕ ನನ್ನ ಜೋಡಿ ಕೂಡ್ತೀರೇನ್ರಿ?