ನಕ್ಷೆಯಲ್ಲಿಲ್ಲದ ನಾಲ್ಕಡಿ

ಆರನೇ ಊರು,
ಕ್ರಿ.ಶ. ೨೨೩೧, ಹದಿಮೂರನೆಯ ತಿಂಗಳ ಇಪ್ಪತ್ತೊಂಬತ್ತು

ಕೈಗಾರಿಕಾ ಪಟ್ಟಣಕ್ಕೆ ನಕ್ಷೆ ಬರೆಯುತ್ತಿರುವ ಹಿರಿಯರಿಗೆ ಗಾರೆ ಮೇಸ್ತ್ರಿ ಮುರಿಗೆಮ್ಮ ಮಾಡುವ ಅರಿಕೆ.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ತಿಂಗಳು ಹದಿಮೂರು, ತಿಂಗಳಿಗೆ ಇಪ್ಪತ್ತೆಂಟೇ ದಿನ. ನಾಲ್ಕು ಪಾಳಿಗಳು ಒಂದು ಸುತ್ತು ಮುಗಿಸಲು ಅಷ್ಟು ದಿನ ಬೇಕು. ವರ್ಷದ ಕೊನೆಗೆ ಒಂದು ದಿನ ಮಿಗುತ್ತದೆ. ಅದನ್ನು ಮಿಗುದಿನ ಎನ್ನುತ್ತೇವೆ, ಅವತ್ತು ಸೈರನ್ ಕೂಗುವುದಿಲ್ಲ. ಇವತ್ತು ಆ ದಿನ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಕಾಗದಗಳಿಂದ ಕಲಿತವಳು. ತಪ್ಪಿದ್ದರೆ ಕ್ಷಮಿಸಿ. ಮಾತು ಒರಟಾಗಿ ಕಂಡರೆ ಮಾತ್ರ ಕ್ಷಮಿಸಬೇಕಾಗಿಲ್ಲ, ಬೇಕೆಂದೇ ಒರಟಾಗಿ ಬರೆಯುತ್ತಿದ್ದೇನೆ. ನಿಮ್ಮನ್ನು ನೆನೆದರೆ ನನಗೆ ಹೇಸಿಗೆಯಾಗುತ್ತದೆ.

ಐವತ್ತೆಂಟು ತುಂಬಿ ಊರು ಬಿಡುವ ಪ್ರತಿಯೊಬ್ಬರಿಗೂ ಇಲ್ಲಿ ಒಂದು ಹಿಂದಂಚೆ ಕೊಡುತ್ತಾರೆ. ಹಿಂದಂಚೆ ಎಂದರೆ ಕಳೆದುಹೋದ ಕಾಲಕ್ಕೆ ಬರೆಯಬಹುದಾದ ಒಂದೇ ಒಂದು ಪತ್ರ. ಅದು ತಲುಪುತ್ತದೋ ಇಲ್ಲವೋ, ಉತ್ತರ ಬಂದದ್ದನ್ನು ಕಂಡವರಿಲ್ಲ. ಎಲ್ಲರೂ ಸತ್ತ ಅಮ್ಮನಿಗೆ ಬರೆಯುತ್ತಾರೆ. ನಾನು ನನ್ನ ಪತ್ರವನ್ನು ನಿಮ್ಮ ಮೇಲೆ ಖರ್ಚು ಮಾಡುತ್ತಿದ್ದೇನೆ.

ನಮ್ಮ ಊರು ಚಿತ್ರದುರ್ಗದ ಆಚೆಯ ಬಯಲಿನಲ್ಲಿದೆ. ಇಲ್ಲಿ ಬಿಸಿಗಲ್ಲು ಮಾಡುತ್ತೇವೆ. ಹಗಲು ಬಿಸಿಲು ಕುಡಿದು ತಿಂಗಳುಗಟ್ಟಲೆ ಶಾಖ ಕೊಡುವ ಇಟ್ಟಿಗೆ ಅದು, ರೈಲಿನಲ್ಲಿ ನಗರಗಳಿಗೆ ಹೋಗುತ್ತದೆ. ಊರಿನ ಸುತ್ತ ನಲವತ್ತು ಮೈಲಿ ಬಿಸಿಲು ಹಿಡಿಯುವ ಕನ್ನಡಿಗಳೇ, ಅವಕ್ಕೆ ಬೇಲಿ, ಬೇಲಿಗೆ ಕಾವಲು. ಇಪ್ಪತ್ತೊಂದು ವರ್ಷದ ಹಿಂದೆ ಇಲ್ಲಿ ಊರು ಕಟ್ಟಬೇಕೆಂದಾಗ ಕೈಗಾರಿಕಾ ಮಂಡಳಿಯವರಿಗೆ ಹೊಸ ನಕ್ಷೆ ಬರೆಯುವಷ್ಟು ಪುರುಸೊತ್ತಿರಲಿಲ್ಲ. ನಕ್ಷೆಮನೆಯಿಂದ ನಿಮ್ಮ ಕಾಲದ ಒಂದು ಹಾಳೆ ತೆಗೆದು ಹಾಗೇ ಬಡಿಸಿದರು. ಎಂಥ ನಕ್ಷೆ ಅಂತೀರಿ! ಅರ್ಧಚಂದ್ರದ ರಸ್ತೆಗಳು, ದರ್ಜೆಗೆ ತಕ್ಕ ಮನೆಗಳು, ನಾಲ್ಕು ಪಾರ್ಕು, ಕ್ಲಬ್ಬು, ಈಜುಕೊಳ, ಬ್ಯಾಂಡು ಬಾರಿಸುವವರಿಗೆ ಒಂದು ಮಂಟಪ. ನಾಯಿಗಳಿಗೆ ಓಡಾಡಲು ಕೂಡ ಒಂದು ಚೌಕ ಬಿಟ್ಟಿದ್ದಿರಿ.

ನಾನೂ ನನ್ನ ಗಂಡ ಗಾದಿಲಿಂಗನೂ ಮೊದಲ ತಂಡದ ಮೇಸ್ತ್ರಿಗಳು. ಮೊದಲ ವರ್ಷ ಊರೆಂದರೆ ಧೂಳು. ಕರಾವಳಿಯವರು, ಬಳ್ಳಾರಿಯವರು, ಬೀದರಿನವರು ತಗಡಿನ ಶೆಡ್ಡುಗಳಲ್ಲಿ ಒಟ್ಟಿಗೆ ಮಲಗುತ್ತಿದ್ದೆವು. ಒಬ್ಬರ ಸಾರು ಇನ್ನೊಬ್ಬರಿಗೆ ಸೇರುತ್ತಿರಲಿಲ್ಲ, ಆದರೂ ಒಂದೇ ಒಲೆ. ಕರಾವಳಿಯವರ ಮೀನಿನ ವಾಸನೆಗೆ ನಾನು ಮೂಗು ಮುಚ್ಚಿಕೊಂಡರೆ ಗಾದಿಲಿಂಗ ನಗುತ್ತಿದ್ದ, “ಮೂಗು ಮುಚ್ಕಂಡ್ರೆ ಊರು ಆಗಾಕಿಲ್ಲ ಕಣೇ” ಎನ್ನುತ್ತಿದ್ದ. ಊರಿನ ಮೊದಲ ಮಗು ಹುಟ್ಟಿದ ದಿನ ಮುನ್ನೂರು ಜನ ಸಾಲುಗಟ್ಟಿ ಹೆಸರು ಹೇಳಿದೆವು, ಆ ಹುಡುಗಿಗೆ ಇವತ್ತಿಗೂ ಐದು ಹೆಸರಿವೆ. ಮದುವೆಯನ್ನು ಎರಡು ಪಾಳಿಗಳ ನಡುವಿನ ಮುಕ್ಕಾಲು ಗಂಟೆಯಲ್ಲಿ ಮುಗಿಸುತ್ತಿದ್ದೆವು, ತಾಳಿ ಕಟ್ಟುವಾಗ ಸೈರನ್ ಆದರೆ ಅದೇ ವಾದ್ಯ. ಒಳ್ಳೆಯ ದಿನಗಳು. ಸುಳ್ಳು ಹೇಳಲಾರೆ.

ಊರಿಗೆ ಬರುವವರನ್ನೆಲ್ಲ ವಯಸ್ಸಿನ ಜರಡಿಯಲ್ಲಿ ಸೋಸುತ್ತಿದ್ದರು. ನಲವತ್ತು ದಾಟಿದವರಿಗೆ ಪ್ರವೇಶವಿಲ್ಲ, ಐವತ್ತೆಂಟಾದವರು ಹೊರಗೆ. ಆದ್ದರಿಂದ ಮುದುಕರೇ ಇಲ್ಲದ ಊರು. ಕಟ್ಟುವ ಮೊದಲು ಮಂಡಳಿಯವರು ನಕ್ಷೆಯನ್ನು ಶೆಡ್ಡಿನ ಗೋಡೆಗೆ ಅಂಟಿಸಿ, ಏನಾದರೂ ಬಿಟ್ಟುಹೋಗಿದ್ದರೆ ಬರೆಯಿರಿ ಎಂದು ಎಲ್ಲರಿಗೂ ಚೀಟಿ ಕೊಟ್ಟಿದ್ದರು. ಸಾವಿರದ ನೂರು ಚೀಟಿ ಬಂದವು. ಕೇರಂ ಬೋರ್ಡು ಕೇಳಿದರು, ಕೋಳಿಗೂಡು ಕೇಳಿದರು. ನಾನು ಮೆಣಸಿನಕಾಯಿ ಒಣಗಿಸಲು ಕಟ್ಟೆ ಕೇಳಿದೆ, ಕೊಟ್ಟರು. ಸತ್ತರೆ ಎಲ್ಲಿಡುವುದು ಎಂದು ಸಾವಿರದ ನೂರು ಜನರಲ್ಲಿ ಒಬ್ಬರೂ ಬರೆಯಲಿಲ್ಲ. ನಿಮ್ಮ ಮೇಲೆ ಉಗಿಯುವಾಗ ಆ ಚೀಟಿ ನೆನಪಾಗಿ ಅರ್ಧ ಉಗುಳು ನನ್ನ ಮೇಲೇ ಬೀಳುತ್ತದೆ.

ಮೂರನೆಯ ವರ್ಷ ಗಾದಿಲಿಂಗ ಸತ್ತ. ಗೋಡೆ ಕಟ್ಟಲು ನಿಲ್ಲುವ ಸಾರ್ವೆಯಿಂದ ಬೀಳಲಿಲ್ಲ, ಏನೂ ಆಗಲಿಲ್ಲ. ಊಟಕ್ಕೆ ಕೂತವನು ಎದೆ ಹಿಡಿದುಕೊಂಡ, ಅಷ್ಟೆ. ನಲವತ್ತೆರಡು ವಯಸ್ಸು. ನಮ್ಮ ಮನೆತನದಲ್ಲಿ ಸುಡುವುದಿಲ್ಲ, ವಿಭೂತಿ ಬಳಿದು ಕೂರಿಸಿ ಮಣ್ಣು ಮಾಡುತ್ತೇವೆ. ಅವನ ಅಪ್ಪ ಅಜ್ಜಂದಿರೆಲ್ಲ ಹಾಗೇ ಕೂತವರು. ಆದರೆ ಅವನ ಹುಟ್ಟೂರೂ ಅದರ ರುದ್ರಭೂಮಿಯೂ ಈಗ ಕನ್ನಡಿಗಳ ಕೆಳಗಿವೆ. ಅಲ್ಲಿಗೆ ಹೋಗುವಂತಿಲ್ಲ.

ಊರಿನ ಕಚೇರಿಗೆ ಹೋದೆ. ಭೂಮಿ ವಿಭಾಗದ ಇಂದುಶೇಖರ ಕೆಟ್ಟವನಲ್ಲ, ನನಗೆ ಕುರ್ಚಿ ಕೊಟ್ಟ, ನೀರು ಕೊಟ್ಟ. ಆಮೇಲೆ ನಿಮ್ಮ ನಕ್ಷೆಯನ್ನು ಮೇಜಿನ ಮೇಲೆ ಹರಡಿಕೊಂಡು ಬೆರಳಿಟ್ಟು ಹುಡುಕತೊಡಗಿದ. ಪ್ರತಿ ಗಜಕ್ಕೂ ನಂಬರು, ಪ್ರತಿ ನಂಬರಿಗೂ ಒಂದು ಉಪಯೋಗ. ಕೊನೆಗೆ ತಲೆಯೆತ್ತಿ, “ನಕ್ಷೇಲಿ ಇಲ್ಲಮ್ಮ” ಎಂದ. ನಾನು, “ಯಾವ್ದಾರ ಒಂದು ಮೂಲೆ ಕೊಡಪ್ಪಾ, ನಾಕಡಿಗೆ ನಾಕಡಿ. ಗುಂಡಿ ನಾನೇ ತೋಡ್ಕಂತೀನಿ” ಎಂದೆ. ಅವನು ಕಣ್ಣೊರೆಸಿಕೊಂಡು ಮತ್ತೆ ಮೊದಲಿನಿಂದ ಹುಡುಕಿದ. ನಕ್ಷೆಯಲ್ಲಿಲ್ಲದ್ದು ಎರಡನೆಯ ಸಲ ಹುಡುಕಿದರೆ ಸಿಗುತ್ತದೆಯೇ? ಆದರೂ ಹುಡುಕಿದ, ಪಾಪ.

ಮೂರು ದಿನ ನನ್ನ ಗಂಡ ಕ್ಯಾಂಟೀನಿನ ತಣ್ಣನೆಯ ಕೋಣೆಯಲ್ಲಿ ಕೋಸುಗಡ್ಡೆ ಮೂಟೆಗಳ ಪಕ್ಕ ಇದ್ದ. ಬರೆಯಲು ಕೂಡ ಅಸಹ್ಯವಾಗುತ್ತದೆ. ಆ ಮೂರು ದಿನವೂ ಕ್ಲಬ್ಬಿನಲ್ಲಿ ಸಭೆ ನಡೆಯಿತು, ಟೀ ಬಿಸ್ಕತ್ತು ಸಮೇತ. ಮೂರನೇ ಪಾರ್ಕಿನ ಮೂಲೆ ಕೊಡೋಣ ಎಂದು ಯಾರೋ ಅಂದರು. ಆ ಪಾರ್ಕಿಗೆ ಕಿಟಕಿಯಿದ್ದವರು ಎದ್ದು ನಿಂತರು. ಒಂದೇ ಒಲೆಯಲ್ಲಿ ಉಂಡವರು, ಗಾದಿಲಿಂಗನೇ ಕೂರಿಸಿಕೊಟ್ಟ ಕಿಟಕಿಗಳು. “ಬೆಳಗಾಗೆದ್ದು ಅದನ್ನ ನೋಡ್ಬೇಕಾ ನಾವು?” ಎಂದರು. ಥೂ! ನಾಯಿಗಳ ಚೌಕ ಕೇಳಿದೆ. ಮೀಸಲು ಜಾಗದ ಉಪಯೋಗ ಬದಲಿಸಲು ಏಳು ವರ್ಷ ಕಾಯಬೇಕಂತೆ.

ನಾಲ್ಕನೆಯ ದಿನ ಶವವನ್ನು ರೈಲಿನಲ್ಲಿ ನಗರದ ಸುಡುಮನೆಗೆ ಸಾಗಿಸಲು ಪಾಸು ಬರೆದರು. ಪಾಸಿನಲ್ಲಿ ಮನುಷ್ಯನಿಗೆ ಕಾಲಂ ಇರಲಿಲ್ಲ. “ಹೊರಹೋಗುವ ಸಾಮಗ್ರಿ, ಒಂದು” ಎಂದು ಬರೆದು ಮೊಹರು ಒತ್ತಿದರು. ಆ ಕಾಗದ ಹಿಡಿದುಕೊಂಡು ನಾನೂ ನಮ್ಮ ಜೊತೆಯ ಮೇಸ್ತ್ರಿ ಖಾಜಾಸಾಬನೂ ಅವನನ್ನು ಗಾಡಿಗೆ ಹಾಕಿ, ಸ್ಟೇಷನ್ನಿಗೆ ಹೋಗದೆ ಮನೆಗೆ ಬಂದೆವು. ಮೊಹರು ಬಿದ್ದ ಮೇಲೆ ಸಾಮಗ್ರಿ ಎಲ್ಲಿಗೆ ಹೋಯಿತೆಂದು ಕೇಳುವವರಿರಲಿಲ್ಲ. ಬೆಳಗಿನ ಪಾಳಿ, ಮನೆಗಳ ಸಾಲಿನಲ್ಲಿ ಯಾರೂ ಇರಲಿಲ್ಲ. ಒಳಕೋಣೆಯ ಮೂಲೆಯಲ್ಲಿ ನಾವೇ ಹಾಕಿದ್ದ ನೆಲ ಒಡೆದೆವು. “ಅಕ್ಕಾ, ಇದು ತಪ್ಪಲ್ವಾ?” ಎಂದ ಖಾಜಾಸಾಬ, ಗುದ್ದಲಿ ಮಾತ್ರ ನಿಲ್ಲಿಸಲಿಲ್ಲ. ಗಾದಿಲಿಂಗನನ್ನು ಪೂರ್ವಕ್ಕೆ ಮುಖಮಾಡಿ ಕೂರಿಸಿ, ಮಣ್ಣು ತುಂಬಿ, ಸುಣ್ಣದ ಗಾರೆ ಹಾಕಿ ನಯ ಮಾಡಿದೆವು. ನನ್ನ ಜನ್ಮದಲ್ಲಿ ಅಷ್ಟು ಒಳ್ಳೆಯ ನೆಲ ಇನ್ನೊಂದು ಹಾಕಿಲ್ಲ.

ಊರು ಪಾಠ ಕಲಿಯಿತೆಂದುಕೊಂಡಿರಾ? ಕಲಿಯಿತು. ಈಗ ಯಾರಿಗಾದರೂ ಕಾಯಿಲೆ ಜೋರಾದರೆ ಡಾಕ್ಟರು “ಹೊರಪಯಣ” ಎಂದು ಬರೆಯುತ್ತಾರೆ. ಉಸಿರಿರುವಾಗಲೇ ರೈಲಿಗೆ ಹತ್ತಿಸುತ್ತಾರೆ. ಖಾಜಾಸಾಬನನ್ನೂ ಹಾಗೇ ಕಳಿಸಿದರು, ಕಿಟಕಿಯಿಂದ ಕೈ ಬೀಸಲೂ ತ್ರಾಣವಿರಲಿಲ್ಲ ಅವನಿಗೆ. ಊರಿನ ಹೆಬ್ಬಾಗಿಲಲ್ಲಿ ದೊಡ್ಡ ಫಲಕವಿದೆ: ಸ್ಥಾಪನೆಯಾದಂದಿನಿಂದ ಒಂದೂ ಸಾವಿಲ್ಲದ ಪಟ್ಟಣ. ಅದಕ್ಕೆ ಬಹುಮಾನವೂ ಬಂದಿದೆ. ಬಹುಮಾನದ ದಿನ ಎಲ್ಲರಿಗೂ ಲಾಡು ಹಂಚಿದರು. ನನ್ನದನ್ನು ಚರಂಡಿಗೆ ಎಸೆದೆ.

ಹದಿನೆಂಟು ವರ್ಷ ಅವನ ಪಕ್ಕದಲ್ಲೇ ಚಾಪೆ ಹಾಸಿ ಮಲಗಿದೆ. ಈಗ ನನಗೆ ಐವತ್ತೆಂಟು. ಮನೆ ಹೊಸಬರಿಗೆ ಮಂಜೂರಾಗಿದೆ. ಹೋದ ವಾರ ಅವರು ನೋಡಲು ಬಂದರು. ಕರಾವಳಿಯ ಹುಡುಗಿ ಸುಗಂಧಿ, ಏಳು ತಿಂಗಳ ಬಸುರಿ, ಜೊತೆಗೆ ಅವಳ ಗಂಡ. ಅವಳು ಚಪ್ಪಲಿ ಬಿಟ್ಟು ಒಳಕೋಣೆಯ ಮೂಲೆಯಲ್ಲಿ ನಿಂತು, “ಎಷ್ಟು ತಂಪುಂಟು ಅಜ್ಜಿ ಇಲ್ಲಿ! ತೊಟ್ಟಿಲು ಇಲ್ಲೇ ಕಟ್ಟುದು ನಾವು” ಎಂದಳು. ನನ್ನಿಂದ ತಡೆದುಕೊಳ್ಳಲು ಆಗಲಿಲ್ಲ. ಹೇಳಿಬಿಟ್ಟೆ. ಅವಳು ಕೂಗಾಡಲಿಲ್ಲ, ಮೆಲ್ಲಗೆ ಹಿಂದೆ ಸರಿದು ನನ್ನ ಕೈ ಹಿಡಿದುಕೊಂಡಳು. ಗಂಡ ಮಾತ್ರ ಸೀದಾ ಕಚೇರಿಗೆ ನಡೆದ. ಅವನನ್ನು ಬಯ್ಯಲಾರೆ. ಅವನಿಗೂ ಮಗು ಮಲಗಿಸಲು ಜಾಗ ಬೇಕಲ್ಲ.

ನಿನ್ನೆ ಆದೇಶವಾಯಿತು. ಗುರುವಾರ ನೆಲ ಒಡೆದು ಸಿಕ್ಕಿದ್ದನ್ನು ನಗರದ ಸುಡುಮನೆಗೆ ಕಳಿಸುವುದು, ಯಾರಿಗೂ ತಿಳಿಸದಿರುವುದು. ಹೊಸ ಹುಡುಗರು ಅಚ್ಚಿನಲ್ಲಿ ಗೋಡೆ ಎರಕ ಹೊಯ್ಯುವವರು, ಹಳೆಯ ಗಾರೆಯನ್ನು ಬಿಡಿಸಲು ಅವರಿಗೆ ಬಾರದು. ಊರಿನಲ್ಲಿ ಆ ಕೆಲಸ ಬಲ್ಲವಳು ನಾನೊಬ್ಬಳೇ ಉಳಿದಿದ್ದೇನೆ. ಕೆಲಸದ ಚೀಟಿ ನನ್ನ ಹೆಸರಿಗೇ ಬಂದಿದೆ.

ಹಿರಿಯರೇ, ಈ ಪತ್ರ ತಲುಪುವ ದಿನ ಆ ನಕ್ಷೆಗೆ ಇನ್ನೂ ನಿಮ್ಮ ಸಹಿ ಬಿದ್ದಿರುವುದಿಲ್ಲ. ಬ್ಯಾಂಡಿನ ಮಂಟಪದ ಹಿಂದೆ, ಈಜುಕೊಳದ ಪಕ್ಕ, ಎಲ್ಲಾದರೂ ಸರಿ, ಒಂದು ಚೌಕ ಗೀರಿ, ಸತ್ತವರಿಗೆ ಎಂದು ಬರೆಯಿರಿ. ನಾವು ಕಣ್ಣು ಮುಚ್ಚಿಕೊಂಡು ನಕಲು ಮಾಡುವ ಜನ, ನೀವು ಬರೆದರೆ ಅದನ್ನೂ ನಕಲು ಮಾಡುತ್ತೇವೆ. ಆಗ ನನ್ನವನು ಅಲ್ಲಿರುತ್ತಾನೆ, ಈ ನೆಲದ ಕೆಳಗೆ ಬರೀ ಮಣ್ಣಿರುತ್ತದೆ. ನಿಮಗೆ ಇನ್ನೂರು ವರ್ಷ ಸಮಯವಿದೆ. ನನಗೆ ಗುರುವಾರದವರೆಗೆ.

ಮುರಿಗೆಮ್ಮ