ಉಳಿಸಬೇಕು

ಗುರುವಾರ, ಮಧ್ಯಾಹ್ನ

ರೀ ಮೇಸ್ತ್ರಿಗಳೇ,

ಕೈಬರಹ ಕಂಡು ಹುಬ್ಬೇರಿಸಬೇಡಿ. ಮನೆ ಬಿಟ್ಟು ಕಾರ್ಖಾನೆಯ ಕೋಣೆ ಸೇರಿದ ಗಂಡನಿಗೆ ಎರಡು ವರ್ಷದ ಮೇಲೆ ಹೆಂಡತಿ ಕಾಗದ ಬರೆಯುತ್ತಿದ್ದಾಳೆ ಎಂದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ. ಆಗಿದೆ.

ನಿಮ್ಮ ದೋಣಿ ಕಾರ್ಖಾನೆ ಮುಚ್ಚುವುದಿಲ್ಲ. ರೇಡಿಯೋದಲ್ಲಿ ಕೇಳಿರುತ್ತೀರಿ. ನಿನ್ನೆ ಮಂತ್ರಿಗಳು ಸಭೆಯಲ್ಲಿ ಓದಿದ ಪಟ್ಟಿಯಲ್ಲಿ, ಮುಂದುವರಿಯುವ ಸಂಸ್ಥೆಗಳು ಎಂಬ ತಲೆಬರಹದ ಕೆಳಗೆ ಅದರ ಹೆಸರಿತ್ತು. ನಿಮ್ಮವರು ಅರ್ಜಿಯಲ್ಲಿ ಕೇಳಿದ್ದ ಹತ್ತು ಹೊಸ ದೋಣಿಗಳಿಗೆ ಹಣವೂ ಇತ್ತು. ಅದನ್ನು ಅಲ್ಲಿ ಟೈಪ್ ಮಾಡಿದವಳು ನಾನು. ಮಾಡಬಾರದಿತ್ತು.

ದೇಶದ ಸಾಲದ ವಿಷಯ ನಿಮಗೇನೂ ಹೊಸದಲ್ಲ. ಊಟದ ತಟ್ಟೆ ಮುಂದಿಟ್ಟುಕೊಂಡು ನಾವು ಜಗಳವಾಡಿದ್ದೇ ಅದಕ್ಕೆ. ಬರುವ ನೂರರಲ್ಲಿ ನಲವತ್ತು ಬಡ್ಡಿಗೇ ಹೋಗುತ್ತಿದೆ, ನಷ್ಟದ ಕಾರ್ಖಾನೆಗಳನ್ನು ಮುಚ್ಚದೆ ಗತಿಯಿಲ್ಲ ಅಂತ ನಾನು. ದೋಣಿ ಓಡಿದರೆ ಸರಕು ಓಡುತ್ತದೆ, ಸರಕು ಓಡಿದರೆ ತೆರಿಗೆ ತಾನಾಗಿ ಬರುತ್ತದೆ ಅಂತ ನೀವು. ಮರ ಕೊಯ್ಯುವವರಿಗೆ ಲೆಕ್ಕ ಏನು ಗೊತ್ತು ಅಂದುಬಿಟ್ಟೆ. ಇವತ್ತಿಗೂ ನೆನೆದರೆ ನಾಚಿಕೆಯಾಗುತ್ತದೆ. ಮೊನ್ನೆ ಹಳೆಯ ಕಡತ ತಿರುವಿ ನೋಡಿದೆ. ದೋಣಿಗಳು ಕಡಿಮೆಯಾದ ವರ್ಷದಿಂದಲೇ ಹೊಳೆಯ ಆಚೆ ದಡದ ಪೇಟೆಯ ತೆರಿಗೆ ಅರ್ಧಕ್ಕಿಳಿದಿದೆ.

ನಮ್ಮ ಹಣಕಾಸು ಕಚೇರಿಯಲ್ಲಿ ಉಳಿಸು ಎಂದರೆ ಖರ್ಚು ನಿಲ್ಲಿಸು ಎಂದು. ನಿಮ್ಮ ಬಾಯಲ್ಲಿ ಅದೇ ಮಾತಿಗೆ ಮುಳುಗಲು ಬಿಡಬೇಡ ಎಂಬ ಅರ್ಥ. ಕಾರ್ಯದರ್ಶಿಗಳು ಕೊಟ್ಟ ಚೀಟಿಯಲ್ಲಿ "ದೋಣಿ ಕಾರ್ಖಾನೆ: ಉಳಿಸಬೇಕು" ಎಂದಷ್ಟೇ ಇತ್ತು. ಊಟ ಮುಗಿದ ಹೊತ್ತು. ಕಿಟಕಿಯ ನೀಲಿ ಪರದೆ ಉಬ್ಬಿ ಇಳಿಯುತ್ತಿತ್ತು, ಕಡತಗಳ ಮೇಲೆ ಬೆಳಕು ನೀರಿನ ಹಾಗೆ ಆಡುತ್ತಿತ್ತು. ಕಣ್ಣು ತೆರೆದೇ ಕನಸು ಕಂಡೆನೋ ಏನೋ. ಮೇಜುಗಳ ನಡುವೆ ದೋಣಿಗಳು ಸದ್ದಿಲ್ಲದೆ ಸಾಗುತ್ತಿದ್ದವು. ಒಂದರಲ್ಲಿ ಈರುಳ್ಳಿ ಮೂಟೆ, ಒಂದರಲ್ಲಿ ಹೊಲಿಗೆ ಯಂತ್ರಗಳು, ಇನ್ನೊಂದರಲ್ಲಿ ನಮ್ಮ ಮುದಿ ಜವಾನರು ಟೀ ಲೋಟ ಹಿಡಿದು ಮಹಾರಾಜರ ಗತ್ತಿನಲ್ಲಿ ಕೂತಿದ್ದರು. ಕೊನೆಯದರಲ್ಲಿ ನೀವು, ನನಗೆ ಬೆನ್ನು ಹಾಕಿಕೊಂಡು. ಕೂಗೋಣವೆಂದರೆ ದನಿಯೇ ಹೊರಡಲಿಲ್ಲ. ಬೆರಳುಗಳು ಮಾತ್ರ ಟೈಪ್ ಮಾಡುತ್ತಲೇ ಇದ್ದವು.

ಇವತ್ತು ಬೆಳಿಗ್ಗೆ ಕಾರ್ಯದರ್ಶಿಗಳು ಕರೆಸಿದರು. ಮಾತು ತಪ್ಪಾಗಿ ಅರ್ಥವಾಯಿತು ಸರ್ ಅಂದೆ. ಸಭೆ ಒಪ್ಪಿದ್ದನ್ನು ಈಗ ಹಿಂದಕ್ಕೆ ಪಡೆದರೆ ಮಂತ್ರಿಗಳ ಮರ್ಯಾದೆ ಹೋಗುತ್ತದಂತೆ. ಹಾಗಾಗಿ ಕಾರ್ಖಾನೆಯನ್ನು ಒಂದು ವರ್ಷ ನೋಡುತ್ತಾರಂತೆ. ನನ್ನನ್ನು ನೋಡುವುದಿಲ್ಲ. ನಾಳೆಯಿಂದ ನನಗೆ ಕೆಲಸವಿಲ್ಲ.

ಆ ಹತ್ತು ದೋಣಿಗಳು ಸರಕು ತುಂಬಿಕೊಂಡು ಓಡಲೇಬೇಕು ರೀ. ಓಡದಿದ್ದರೆ ಸಾಲ ಇನ್ನೂ ಏರುತ್ತದೆ, ಏರಿಸಿದವರಲ್ಲಿ ನಾನೂ ಒಬ್ಬಳಾಗುತ್ತೇನೆ. ನನಗೆ ಹೆದರಿಕೆಯಾಗಿದೆ. ಅಲ್ಲಿ ಲೆಕ್ಕ ಬರೆಯಲು ಯಾರಾದರೂ ಬೇಕಿದ್ದರೆ ಹೇಳಿ ಕಳುಹಿಸಿ. ಬೇರೆ ಕಸುಬು ನನಗೆ ಬರುವುದಿಲ್ಲ.

ನಿಮ್ಮವಳು ಎಂದು ಬರೆಯಲು ಧೈರ್ಯ ಸಾಲದ,
ಲೆಕ್ಕದಮ್ಮ

ತಾ.ಕ.: ಚೀಟಿ ಕೊಡುವಾಗ ಕಾರ್ಯದರ್ಶಿಗಳು, ಉಳಿಸಬೇಕು ಅಂದರೆ ಮುಚ್ಚಬೇಕು ಅಂತ, ಅರ್ಥವಾಯಿತಲ್ಲ ಅಂತ ಕೇಳಿದ್ದರು. ಅರ್ಥವಾಯಿತು ಸರ್ ಅಂದಿದ್ದೆ. ಅರ್ಥವಾಗಿಯೂ ಇತ್ತು.